ವೆನಿಲ್ಲಾ ಸೆಂಟು ಕೊಳ್ಳುವ ಮುನ್ನ: ಯಾವುದು ಸಿಹಿ, ಯಾವುದು ಧೂಪ, ಯಾವುದು ಹೊಗೆಸೊಪ್ಪು

ವೆನಿಲ್ಲಾ ಸೆಂಟು ತಗೋಬೇಕು ಅಂತ ಬರುವ ಗೆಳತಿಯರೆಲ್ಲ ಮೊದಲು ಕೇಳುವುದು ಒಂದೇ ಮಾತು: “ಯಾವುದರಲ್ಲಿ ವೆನಿಲ್ಲಾ ಜಾಸ್ತಿ ಇದೆ?” ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಬೆಲ್ಲ ಹೋಳಿಗೆಗೂ ಹೋಗುತ್ತದೆ, ಸಾರಿಗೂ ಬೀಳುತ್ತದೆ, ಗೊಜ್ಜಿಗೂ ಬೇಕು. ಎಲೆ ಮುಂದೆ ಕೂತವರು ಯಾರೂ “ಬೆಲ್ಲ ಎಷ್ಟು ಹಾಕಿದ್ದೀರಿ” ಅಂತ ಕೇಳಿ ಬಡಿಸಿಕೊಳ್ಳುವುದಿಲ್ಲ. ಬೆಲ್ಲದ ಜೊತೆಗೆ ಏನು ಬಿದ್ದಿದೆ ಅನ್ನುವುದರಲ್ಲೇ ರುಚಿ ಇರುವುದು. ಸೆಂಟಿನಲ್ಲಿ ವೆನಿಲ್ಲಾದ್ದೂ ಅದೇ ಕಥೆ. ಸಕ್ಕರೆಪಾಕದ ಜೊತೆ ಸೇರಿದರೆ ಒಂದು, ಧೂಪದ ಜೊತೆ ಇನ್ನೊಂದು, ಹೊಗೆಸೊಪ್ಪಿನ ಜೊತೆ ಮತ್ತೊಂದು. ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದ ವೆನಿಲ್ಲಾವನ್ನು ಬಿಟ್ಟು ಅದರ ಪಕ್ಕದಲ್ಲಿ ಕೂತಿರುವವರು ಯಾರು ಅಂತ ನೋಡಿದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಇದನ್ನು ಇಷ್ಟು ಖಡಾಖಂಡಿತ ಹೇಳುವುದಕ್ಕೆ ಕಾರಣ ನಮ್ಮ ತೋಟ. ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಒಂದು ಕಾಲಕ್ಕೆ ಗೊಬ್ಬರದ ಗಿಡಗಳ ಮೇಲೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿತ್ತು. 2003ರ ಸುಮಾರಿಗೆ ಹಸಿ ಕಾಯಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿದಾಗ ಮಲೆನಾಡು, ಕೊಡಗು, ಕರಾವಳಿಯ ತೋಟಗಳಲ್ಲಿ ರಾತ್ರಿ ಟಾರ್ಚು ಹಿಡಿದು ಕಾವಲು ಕೂತವರಿದ್ದರು. ಮುಂದಿನ ಒಂದೆರಡು ವರ್ಷದಲ್ಲಿ ನೂರು ರೂಪಾಯಿಗೂ ಕೇಳುವವರಿಲ್ಲದೆ ಬಳ್ಳಿ ಕಿತ್ತು ಬಿಸಾಡಿದರು. ಅಪ್ಪಯ್ಯ ಬೆಳಗ್ಗೆ ಆಸ್ರಿ ಮುಗಿಸಿ, ಹಿಡಿಕಡ್ಡಿಯಿಂದ ಚೂಪು ಮಾಡಿದ ಒಂದು ಸಣ್ಣ ಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಬಳ್ಳಿ ಮೆಕ್ಸಿಕೋದ್ದು, ಇಲ್ಲಿನ ಜೇನುಗಳಿಗೆ ಆ ಹೂವಿನ ಗುಟ್ಟು ಗೊತ್ತಿಲ್ಲ. ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದೇ ಹೂವಿನ ಒಳಗಿನ ಪರದೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಿನಿಂದ ಒತ್ತಿ ಪರಾಗ ಕೂಡಿಸಬೇಕು. ಈ ಉಪಾಯವನ್ನು 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಇವತ್ತಿಗೂ ಜಗತ್ತಿನ ವೆನಿಲ್ಲಾ ತೋಟಗಳು ಬಹುತೇಕ ಅವನ ಹೆಬ್ಬೆರಳ ಮೇಲೆಯೇ ನಡೆಯುತ್ತಿವೆ.

ಸೆಂಟಿನ ಮಾತಿಗೆ ಇದು ಯಾಕೆ ಬೇಕು ಅಂದರೆ, ಆ ತೋಟದಲ್ಲಿ ಎಷ್ಟು ಓಡಾಡಿದರೂ ವೆನಿಲ್ಲಾ ವಾಸನೆ ಬರುತ್ತಿರಲಿಲ್ಲ. ಹೂವಿಗೆ ಮೂಗಿಟ್ಟರೂ ಇಲ್ಲ, ಹಸಿ ಕಾಯಿ ಮುರಿದರೂ ಇಲ್ಲ, ಬೀನ್ಸ್ ಮುರಿದ ಹಾಗೆ ಅಷ್ಟೆ. ಕಾಯಿಯನ್ನು ಕುದಿಯದ ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲು ಕಾಣಿಸಿ, ಆಮೇಲೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಅದು ಕಪ್ಪಗೆ, ಎಣ್ಣೆ ಎಣ್ಣೆಯಾಗಿ ಪರಿಮಳ ಬಿಡುತ್ತದೆ. ಐದಾರು ಕಿಲೋ ಹಸಿ ಕಾಯಿ ಒಂದು ಕಿಲೋ ಆಗುವಷ್ಟು ಸೊರಗುತ್ತದೆ. ಆ ಪರಿಮಳವೂ ಐಸ್‌ಕ್ರೀಮಿನದಲ್ಲ. ಒಣದ್ರಾಕ್ಷಿ, ಹಳೆಯ ಚರ್ಮದ ಚೀಲ, ಸ್ವಲ್ಪ ಹೊಗೆ, ಸ್ವಲ್ಪ ಹುಳಿಹೆಂಡ. ಸಿಹಿ ಇದೆ, ಆದರೆ ಹಿಂದಿನ ಬೆಂಚಿನಲ್ಲಿ ಕೂತಿದೆ.

ಐಸ್‌ಕ್ರೀಮಿನದು ಅಂತ ನಾವು ಅಂದುಕೊಳ್ಳುವುದು ಬರೀ ವೆನಿಲಿನ್ ಎಂಬ ಒಂದೇ ವಸ್ತುವಿನ ವಾಸನೆ. ಕಾಯಿಯಲ್ಲಿ ಅದಿರುವುದು ನೂರಕ್ಕೆ ಎರಡರಷ್ಟು, ಉಳಿದ ಇನ್ನೂರಕ್ಕೂ ಹೆಚ್ಚು ಬಗೆಯ ಸಣ್ಣ ಸಣ್ಣ ವಾಸನೆಗಳು ಸೇರಿ ಕಾಯಿಯ ಪರಿಮಳ ಆಗುತ್ತದೆ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬಿಬ್ಬರು ವೆನಿಲಿನ್ನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇವತ್ತು ನೀವು ಹಚ್ಚಿಕೊಳ್ಳುವ ಹೆಚ್ಚಿನ ವೆನಿಲ್ಲಾ ಸೆಂಟಿನ ಬೆನ್ನೆಲುಬು ಅದೇ. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. “ನ್ಯಾಚುರಲ್” ಅಂತ ಬರೆದಿದೆ ಎಂಬ ಒಂದೇ ಕಾರಣಕ್ಕೆ ದುಡ್ಡು ಹೆಚ್ಚು ಕೊಡಬೇಡಿ, ಸಿಂಥೆಟಿಕ್ ಅಂತ ಮೂಗು ಮುರಿಯಲೂ ಬೇಡಿ. ಹಾಗೆಯೇ ಪಟ್ಟಿಯಲ್ಲಿ “ವೆನಿಲ್ಲಾ ಆರ್ಕಿಡ್” ಅಂತ ಕಂಡರೆ ಅದು ಸೆಂಟು ಮಾಡುವವರ ಕಲ್ಪನೆಯ ಹೂವು ಅಂತ ತಿಳಿದುಕೊಳ್ಳಿ. ನಮ್ಮ ತೋಟದ್ದಂತೂ ಅಲ್ಲ.

ಸಿಹಿಯ ಸಾಲು

ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಇವೇ. 1992ರಲ್ಲಿ ಮ್ಯೂಗ್ಲರ್ ಕಂಪನಿಯ ಏಂಜಲ್ ಬಂದ ಮೇಲೆ ತಿಂಡಿಯ ವಾಸನೆಯ ಸೆಂಟು ಅನ್ನುವ ಒಂದು ವರ್ಗವೇ ಹುಟ್ಟಿಕೊಂಡಿತು. ಅದರಲ್ಲಿ ಎಥೈಲ್ ಮಾಲ್ಟಾಲ್ ಎಂಬ ವಸ್ತು ಇದೆ. ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ಗಾಡಿಯ ಪಕ್ಕ ನಿಂತರೆ ಬರುವ ವಾಸನೆ ನೆನಪಿಸಿಕೊಳ್ಳಿ, ಅದೇ. ಆದರೆ ಏಂಜಲ್ ಬರೀ ಮಿಠಾಯಿಯಾಗಿದ್ದರೆ ಮೂವತ್ತು ವರ್ಷ ಬಾಳುತ್ತಿರಲಿಲ್ಲ. ಆ ಸಿಹಿಯ ಬೆನ್ನಿಗೆ ಕಡು ಮಣ್ಣಿನ ವಾಸನೆಯ ಪಚೋಲಿಯನ್ನು ಕಟ್ಟಿದ್ದರಿಂದ ಅದು ಜಗಳಗಂಟಿ ಸೆಂಟಾಯಿತು. ಇಷ್ಟಪಡುವವರು ಬಿಡುವುದಿಲ್ಲ, ಆಗದವರು ಲಿಫ್ಟಿನಿಂದಲೇ ಇಳಿದುಬಿಡುತ್ತಾರೆ.

2014ರ ಬ್ಲ್ಯಾಕ್ ಓಪಿಯಂನಲ್ಲಿ ವೆನಿಲ್ಲಾದ ಜೊತೆಗಾರ ಕಾಫಿ. ನಮ್ಮ ಫಿಲ್ಟರಿನ ಡಿಕಾಕ್ಷನ್ ಅಂದುಕೊಂಡು ಹೋಗಬೇಡಿ, ಸಕ್ಕರೆ ಮೂರು ಚಮಚ ಹಾಕಿದ ಕೋಲ್ಡ್ ಕಾಫಿ ಅದು. ಕಾಲೇಜು ಹುಡುಗಿಯರಿಗೆ ಚೆನ್ನಾಗಿ ಒಪ್ಪುತ್ತದೆ, ರಾತ್ರಿ ಪಾರ್ಟಿಗೂ ಸರಿ. ಕಯಾಲಿಯ ವೆನಿಲ್ಲಾ 28 ಕಂದು ಸಕ್ಕರೆಯ ದಾರಿ ಹಿಡಿದದ್ದು. ಈ ಮೂರರಲ್ಲಿ “ಅಪ್ಪಟ ವೆನಿಲ್ಲಾ ಬೇಕು” ಅನ್ನುವವರಿಗೆ ಹತ್ತಿರದ್ದು ಇದು, ಮೈಗೆ ಅಂಟಿಕೊಂಡಂತೆ ಮೆಲ್ಲಗೆ ಇರುತ್ತದೆ. ಪ್ರಾಡಾದ ಕ್ಯಾಂಡಿ ಹೆಸರಿನಲ್ಲಿ ಮಿಠಾಯಿ, ಒಳಗೆ ಲೋಬಾನ, ಅಂದರೆ ಸಾಂಬ್ರಾಣಿ, ಧಾರಾಳ. ಸಿಹಿಯ ಸಾಲಿನಲ್ಲಿ ನನಗೆ ಒಂದೇ ಆರಿಸು ಅಂದರೆ ಅದನ್ನೇ ಎತ್ತಿಕೊಳ್ಳುತ್ತೇನೆ.

ಈ ಸಾಲಿನ ತೊಂದರೆ ಹವೆ. ಡಿಸೆಂಬರಿನ ಬೆಂಗಳೂರಲ್ಲಿ ಹಿತವಾಗಿ ಇರುವ ಸಕ್ಕರೆಪಾಕ ಏಪ್ರಿಲ್‌ನಲ್ಲಿ ಮೆಜೆಸ್ಟಿಕ್ಕಿನಿಂದ ಹೊರಟ ತುಂಬಿದ ಬಸ್ಸಿನಲ್ಲಿ ಕಮಟು ಕಮಟಾಗುತ್ತದೆ. ಮಂಗಳೂರಿನ ಸೆಖೆಯಲ್ಲಿ ಕೇಳುವುದೇ ಬೇಡ. ಒಮ್ಮೆ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್‌ಗೆ ಹತ್ತು ನಿಮಿಷ ಇದ್ದಾಗ, ಕಾಗದದ ಪಟ್ಟಿ ಮೂಸಿ ಇಂಥದ್ದೇ ಒಂದು ದೊಡ್ಡ ಬಾಟಲಿ ಕೊಂಡೆ. ಹಚ್ಚಿಕೊಂಡು ಮೇ ತಿಂಗಳಲ್ಲಿ ಊರಿಗೆ ಹೋದರೆ ಆಯಿ ಬಾಗಿಲಲ್ಲೇ ಕೇಳಿದರು, “ಎಂತದೇ ಇದು, ಬೇಕರಿಗೆ ಹೋಗ್ಬಂದ್ಯನೇ?” ಆ ಬಾಟಲಿ ಈಗ ತಂಗಿಯ ಹತ್ತಿರ ಇದೆ. ಅವಳೂ ಹಚ್ಚಿಕೊಳ್ಳುವುದಿಲ್ಲ.

ಧೂಪದ ಸಾಲು

ನಮ್ಮ ಮೂಗಿಗೆ ಅತಿ ಹತ್ತಿರದ್ದು ಇದು, ಆದರೆ ನಮ್ಮವರು ಅತಿ ಕಡಿಮೆ ಕೊಳ್ಳುವುದೂ ಇದನ್ನೇ. ಪ್ಯಾರಿಸಿನ ಗೆರ್ಲಾನ್ ಎಂಬ ಸೆಂಟಿನ ಮನೆಯವರು 1889ರಲ್ಲೇ ಜಿಕಿ ಎಂಬ ಸೆಂಟಿನಲ್ಲಿ ವೆನಿಲಿನ್ ಬಳಸಿದ್ದರು. ಅದಕ್ಕಿಂತ ಮೂರು ನಾಲ್ಕು ಪಟ್ಟು ಜೋರಾದ ಎಥೈಲ್ ವೆನಿಲಿನ್ ಕೈಗೆ ಬಂದ ಮೇಲೆ ಜಾಕ್ ಗೆರ್ಲಾನ್ ಮಾಡಿದ್ದು ಶಾಲಿಮಾರ್. ಜಿಕಿಯ ಬಾಟಲಿಗೇ ಅದನ್ನು ಸುರಿದು ನೋಡಿದರಂತೆ ಎಂಬ ಕಥೆ ಸೆಂಟಿನ ಲೋಕದಲ್ಲಿ ಎಲ್ಲರ ಬಾಯಲ್ಲೂ ಇದೆ. 1925ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಲೋಕಕ್ಕೆ ಬಂದ ಅದಕ್ಕೆ ಇಟ್ಟದ್ದು ಮೊಗಲರ ತೋಟದ ಹೆಸರು.

ಶಾಲಿಮಾರ್ ಅನ್ನು ಮೊದಲ ಸಲ ಮೂಸಿದವರು ಮುಖ ಸಿಂಡರಿಸುವುದು ಸಹಜ. ಮೊದಲ ಹತ್ತು ನಿಮಿಷ ನಿಂಬೆಜಾತಿಯ ಬರ್ಗಮಾಟ್ ಮೂಗಿಗೆ ಹೊಡೆಯುತ್ತದೆ, ಅದರ ಹಿಂದೆಯೇ ಏನೋ ಸುಟ್ಟ ಹಾಗೆ, ಚರ್ಮದ ಹಾಗೆ. “ಅಜ್ಜಿ ಕಾಲದ್ದು” ಅಂತ ಕೈ ತೊಳೆದುಬಿಡುತ್ತಾರೆ. ಒಂದು ಗಂಟೆ ತಡೆದುಕೊಳ್ಳಿ. ಶುಕ್ರವಾರ ಸಂಜೆ ಮನೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಹೊಗೆ ಎಲ್ಲ ಹೋದ ಮೇಲೆ ಪರದೆಯಲ್ಲಿ ಉಳಿಯುತ್ತದಲ್ಲ, ಆ ವಾಸನೆ ಮಣಿಕಟ್ಟಿನ ಮೇಲೆ ಬಂದು ಕೂರುತ್ತದೆ. ಇದು ಕಾಕತಾಳೀಯ ಅಲ್ಲ. ಸಾಂಬ್ರಾಣಿ ಅಥವಾ ಲೋಬಾನದ ಅಂಟಿನಲ್ಲಿ ಸಹಜವಾಗಿಯೇ ವೆನಿಲಿನ್ ಇದೆ. ಮೈಸೂರಿನ ಹಳೆಯ ಕಾಲದ ಊದುಬತ್ತಿಗೆ ಕಲಸುತ್ತಿದ್ದ ಹಾಲುಮಡ್ಡಿ ಎಂಬ ಮರದಂಟಿನ ಘಮವೂ ಇದೇ ಬಳಗದ್ದು. ವೆನಿಲ್ಲಾ ಅಂದರೆ ಕೇಕು ಅನ್ನುವ ಅಭ್ಯಾಸ ನಮಗೆ ಬೇಕರಿಯಿಂದ ಬಂದದ್ದು. ಅದಕ್ಕೂ ಮುಂಚೆ ದೇವರಕೋಣೆಯಲ್ಲಿ ಅದು ಬೇರೆ ಹೆಸರಿನಲ್ಲಿ ಇದ್ದೇ ಇತ್ತು.

ರೇಷ್ಮೆ ಸೀರೆ, ಸಂಜೆಯ ಆರತಕ್ಷತೆ, ಚಳಿಗಾಲದ ಮದುವೆಗೆ ಶಾಲಿಮಾರ್‌ಗೆ ಸಮ ಇಲ್ಲ ಅಂತ ನನ್ನ ಪಕ್ಷಪಾತ. ಅದರಲ್ಲಿ ತೆಳುವಾದ ಓ ಡ ಟಾಯ್ಲೆಟ್ ಮತ್ತು ಗಾಢವಾದ ಓ ಡ ಪರ್ಫ್ಯೂಮ್ ಎರಡೂ ಸಿಗುತ್ತವೆ. ಮೊದಲನೆಯದರಲ್ಲಿ ನಿಂಬೆಯ ಚುರುಕು ಹೆಚ್ಚು, ಹಗಲಿಗೆ ಸರಿ. ಎರಡನೆಯದು ದಪ್ಪ, ನಿಧಾನ, ಮರುದಿನವೂ ದುಪ್ಪಟ್ಟಾದಲ್ಲಿ ಉಳಿದಿರುತ್ತದೆ. ಆಫೀಸಿಗೆ ಎರಡನೆಯದು ಬೇಡ. ಎ.ಸಿ. ಕೋಣೆಯಲ್ಲಿ ಪಕ್ಕದ ಸೀಟಿನವರಿಗೆ ತಲೆನೋವು ಬಂದರೆ ಅದು ಸುಮ್ಮನೆ ನೆಪ ಅಲ್ಲ, ಮೈಗ್ರೇನ್ ಇರುವವರಿಗೆ ಗಾಢ ಪರಿಮಳ ನಿಜವಾಗಿಯೂ ಆಗುವುದಿಲ್ಲ.

ಇದೇ ಮನೆಯ ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ: 1989ರ ಸಂಸಾರಾ. ಮಲ್ಲಿಗೆಜಾತಿಯ ಹೂವು, ಶ್ರೀಗಂಧ, ತಳದಲ್ಲಿ ವೆನಿಲ್ಲಾ. ಶುರುವಿನ ಸಂಸಾರಾದಲ್ಲಿ ನಮ್ಮ ಮೈಸೂರು ಗಂಧದೆಣ್ಣೆಯೇ ಧಾರಾಳವಾಗಿ ಇತ್ತು. ಈಗಿನದರಲ್ಲಿ ಆ ಧಾರಾಳ ಇಲ್ಲ, ಗಂಧದ ಮರಕ್ಕೆ ಬಂದ ಗತಿ ಎಲ್ಲರಿಗೂ ಗೊತ್ತೇ ಇದೆ. ಪ್ಯಾರಿಸಿನವರಿಗೆ ಸಂಸಾರ ಅಂದರೆ ಜನ್ಮಜನ್ಮಾಂತರದ ಚಕ್ರ. ನಮಗೆ ಅದು ಸಿಲಿಂಡರ್ ಮುಗಿದದ್ದು, ಹಾಲು ಉಕ್ಕಿದ್ದು. ಹೆಸರು ನೋಡಿ ನಕ್ಕರೂ ಒಮ್ಮೆ ಮೂಸಿ ನೋಡಿ.

ಹೊಗೆ, ಕಟ್ಟಿಗೆ, ಹೊಗೆಸೊಪ್ಪು

ಟಾಮ್ ಫೋರ್ಡ್ ಅವರ ಟೊಬ್ಯಾಕೋ ವನೀಲ್ 2007ರದ್ದು. ಹೆಂಗಸರಿಗೂ ಅಲ್ಲ, ಗಂಡಸರಿಗೂ ಅಲ್ಲ, ಇಬ್ಬರಿಗೂ ಅಂತ ಮಾರುತ್ತಾರೆ. ಅದನ್ನು ಮೊದಲ ಸಲ ಮೂಸಿದಾಗ ನನಗೆ ಅಜ್ಜನ ಕವಳದ ಬಟ್ಟಲು ಕಣ್ಣಮುಂದೆ ಬಂತು. ಮುಚ್ಚಳ ತೆಗೆದರೆ ಒಳಗಿಂದ ಬರುತ್ತಿದ್ದ ಹೊಗೆಸೊಪ್ಪು, ಲವಂಗ, ಹಳೆಯ ಹಿತ್ತಾಳೆ. ಆ ಹೊಗೆಸೊಪ್ಪಿಗೆ ಒಣಹಣ್ಣು, ಕೋಕೋ, ವೆನಿಲ್ಲಾ ಬೆರೆಸಿದರೆ ಇದು. ಬಲು ಗಾಢ. ಎರಡು ಸಲ ಒತ್ತಿದರೆ ನೀವು ಕೋಣೆಗೆ ಬರುವ ಮೊದಲೇ ಅದು ಬಂದಿರುತ್ತದೆ. ಬೆಲೆಯೂ ಹಾಗೆಯೇ ಇದೆ. ಅದೇ 2007ರಲ್ಲಿ ಬಂದ ಗೆರ್ಲಾನ್‌ನ ಸ್ಪಿರಿಚುಯೂಸ್ ಡಬಲ್ ವನೀಲ್ ರಮ್ಮು, ಹೊಗೆ, ಲೋಬಾನ ಸೇರಿದ್ದು. ನಮ್ಮ ಮನೆಯ ಕಪ್ಪು ಕಾಯಿಯ ವಾಸನೆಗೆ ನಾನು ಕಂಡದ್ದರಲ್ಲಿ ಹತ್ತಿರದ್ದು ಅದೇ. ಕೊಂಡಿಲ್ಲ, ದುಬಾರಿ. ಸ್ಯಾಂಪಲ್ ಶೀಶೆಯನ್ನು ಒಂದೊಂದೇ ಹನಿ ಮಾಡಿ ಎರಡು ವರ್ಷ ತಳ್ಳಿದ್ದೇನೆ.

ಆದರೆ ದಿನಬಳಕೆಗೆ ನನ್ನ ಮಟ್ಟಿಗೆ ಗೆದ್ದದ್ದು ಡಿಪ್ಟೀಕ್‌ನ ಓ ಡ್ಯುಯೆಲ್. ಮೆಣಸಿನ ಚುರುಕು, ಧೂಪ, ಅದರಡಿ ಒಣ ವೆನಿಲ್ಲಾ. ಸಿಹಿ ಅನ್ನುವುದು ಇಲ್ಲವೇನೋ ಅನ್ನುವಷ್ಟು ಕಡಿಮೆ. ಓ ಡ ಟಾಯ್ಲೆಟ್ ಹಚ್ಚಿಕೊಂಡರೆ ಬೇಸಗೆಯಲ್ಲೂ ಉಸಿರುಕಟ್ಟುವುದಿಲ್ಲ. ಬೆಳಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮೈಗೆ ಮೂಗು ತಾಗಿಸಿದರಷ್ಟೇ ತಿಳಿಯುತ್ತದೆ. ಇದನ್ನು ದೋಷ ಅನ್ನುವವರೂ ಇದ್ದಾರೆ. “ಇಷ್ಟು ದುಡ್ಡು ಕೊಟ್ಟು ಯಾರಿಗೂ ವಾಸನೆ ಬರದಿದ್ದರೆ ಏನು ಬಂತು” ಅಂತ ನನ್ನ ಗೆಳತಿಯೊಬ್ಬಳ ತಕರಾರು. ಅವಳು ಟೊಬ್ಯಾಕೋ ವನೀಲ್ ಪಕ್ಷ.

ಹೂವಿನ ಜೊತೆ

ಇಲ್ಲಿ ಒಂದನ್ನೇ ಹೇಳುತ್ತೇನೆ: ಡಿಯೋರ್‌ನ ಹಿಪ್ನಾಟಿಕ್ ಪಾಯ್ಸನ್, 1998. ಕೆಂಪು ಬಾಟಲಿ. ಮಲ್ಲಿಗೆಜಾತಿಯ ಹೂವಿನ ಜೊತೆ ಬಾದಾಮಿ, ವೆನಿಲ್ಲಾ. ಬಾದಾಮಿ ಹಾಲಿಗೆ ಮಲ್ಲಿಗೆ ಬಿದ್ದ ಹಾಗೆ. ತಲೆಗೆ ನಿಜವಾದ ಮಲ್ಲಿಗೆ ಮುಡಿದ ದಿನ ಮಾತ್ರ ಇದನ್ನು ಹಚ್ಚಬೇಡಿ, ಶಂಕರಪುರ ಮಲ್ಲಿಗೆಯ ಎದುರು ಯಾವ ಬಾಟಲಿಯ ಮಲ್ಲಿಗೆಯೂ ಪ್ಲಾಸ್ಟಿಕ್ ಅನ್ನಿಸಿಬಿಡುತ್ತದೆ. ಹೂ ಮುಡಿದ ದಿನಕ್ಕೆ ಧೂಪದ ಸಾಲಿನದೇ ಸರಿ, ಎರಡೂ ಜಗಳ ಆಡುವುದಿಲ್ಲ.

ದುಡ್ಡಿನ ಲೆಕ್ಕ

ಮಾಲಿನಲ್ಲಿ ಸಿಗುವ ವೆನಿಲ್ಲಾ ಬಾಡಿ ಮಿಸ್ಟ್‌ಗಳು ಎರಡು ಸಾವಿರದ ಆಸುಪಾಸು. ದೊಡ್ಡ ಬಾಟಲಿ, ಆದರೆ ಒಳಗೆ ಪರಿಮಳದ ಪಾಲು ಬಹಳ ತೆಳು, ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಅದು ತಪ್ಪೇನಲ್ಲ. ಸ್ನಾನ ಮಾಡಿ ಮಲಗುವ ಮುಂಚೆ ಹಚ್ಚಿಕೊಳ್ಳಲು, ವೆನಿಲ್ಲಾ ತನಗೆ ಒಗ್ಗುತ್ತದೋ ಇಲ್ಲವೋ ನೋಡಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಸೆಂಟಿಗೆ ಹೊಸಬರಾದವರು ಅಲ್ಲಿಂದಲೇ ಶುರುಮಾಡಲಿ.

ಮಧ್ಯದ ಮೆಟ್ಟಿಲಿಗೆ ಈಗ ದುಬೈ ಕಡೆಯ ಕಂಪನಿಗಳು ಬಂದು ಕೂತಿವೆ. ಲತಾಫಾದ ಖಮ್ರಾ ಮೂರು ನಾಲ್ಕು ಸಾವಿರಕ್ಕೆ ಸಿಗುತ್ತದೆ. ಖರ್ಜೂರ, ದಾಲ್ಚಿನ್ನಿ, ವೆನಿಲ್ಲಾ. ಖರ್ಜೂರದ ಹೋಳಿಗೆ ಬೇಯಿಸಿದ ಹಂಚಿನ ಪಕ್ಕ ನಿಂತ ಹಾಗೆ ಇರುತ್ತದೆ, ದಿನವಿಡೀ ಬಿಡುವುದೂ ಇಲ್ಲ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಶಾಲಿಮಾರ್ ಗಂಟೆಗಂಟೆಗೂ ಬದಲಾಗುತ್ತಾ ಹೋಗುವ ಹಾಗೆ ಇದು ಬದಲಾಗುವುದಿಲ್ಲ, ಬೆಳಗ್ಗೆ ಹೇಳಿದ ಮಾತನ್ನೇ ಸಂಜೆಯೂ ಹೇಳುತ್ತದೆ. ಕೆಲವರಿಗೆ ಬೇಕಾಗಿರುವುದೇ ಅದು. ದೊಡ್ಡ ಹೆಸರಿನವುಗಳ ಮೇಲೆ ಮನಸ್ಸಿದ್ದರೆ ಐದು ಅಥವಾ ಹತ್ತು ಎಂ.ಎಲ್. ಡೀಕ್ಯಾಂಟ್, ಅಂದರೆ ದೊಡ್ಡ ಬಾಟಲಿಯಿಂದ ಸಣ್ಣ ಶೀಶೆಗೆ ತುಂಬಿಸಿ ಮಾರುವುದನ್ನು, ತೆಗೆದುಕೊಳ್ಳಿ. ನೂರು ಎಂ.ಎಲ್. ಬಾಟಲಿ ಮುಗಿಸಿದವರನ್ನು ನಾನು ಇನ್ನೂ ಕಂಡಿಲ್ಲ.

ಪರೀಕ್ಷೆ ಮಾಡುವುದು ಹೇಗೆ

ವೆನಿಲಿನ್ ಬೇಗ ಹಾರಿಹೋಗುವ ವಸ್ತುವಲ್ಲ. ಸೆಂಟಿನಲ್ಲಿ ಅದು ತಳದಲ್ಲಿ ಕೂತಿರುತ್ತದೆ, ಮೇಲಿನವೆಲ್ಲ ಹೋದ ಮೇಲೆ ಮುಖ ತೋರಿಸುತ್ತದೆ. ಹಾಗಾಗಿ ಅಂಗಡಿಯ ಕಾಗದದ ಪಟ್ಟಿಯಲ್ಲಿ ಐದು ನಿಮಿಷ ಮೂಸಿ ವೆನಿಲ್ಲಾ ಸೆಂಟು ಆರಿಸುವುದೆಂದರೆ ಒಗ್ಗರಣೆಯ ಸದ್ದು ಕೇಳಿ ಸಾರಿನ ರುಚಿ ಹೇಳಿದ ಹಾಗೆ. ಒಂದು ಕೈಗೆ ಒಂದು, ಇನ್ನೊಂದು ಕೈಗೆ ಇನ್ನೊಂದು, ಅಷ್ಟೇ ಹಚ್ಚಿಸಿಕೊಳ್ಳಿ. ಉಜ್ಜಬೇಡಿ. ಕೊಳ್ಳದೆ ಹೊರಗೆ ಬನ್ನಿ, ಬಿಸಿಲಲ್ಲಿ ನಡೆಯಿರಿ, ಊಟ ಮಾಡಿ, ನಾಲ್ಕು ಗಂಟೆ ಬಿಟ್ಟು ಮೂಸಿ. ಆಗಲೂ ಬೇಕು ಅನ್ನಿಸಿದರೆ ನಾಳೆ ಹೋಗಿ. ಮಾರುವವರು “ಇವತ್ತೇ ಆಫರ್ ಕೊನೆ” ಅಂತಾರೆ. ಹದಿನೈದು ದಿನ ಬಿಟ್ಟು ಹೋದರೂ ಅದನ್ನೇ ಅಂತಾರೆ.

ಮೈ ಒಣಗಿದ್ದರೆ ಸೆಂಟು ನಿಲ್ಲುವುದಿಲ್ಲ. ವಾಸನೆ ಇಲ್ಲದ ಮಾಯಿಶ್ಚರೈಸರ್ ಮೊದಲು ಹಚ್ಚಿ, ಅದರ ಮೇಲೆ ಸೆಂಟು. ಕೊಬ್ಬರಿಎಣ್ಣೆಯೂ ಆಗುತ್ತದೆ, ಆದರೆ ಗಾಣದ ಎಣ್ಣೆಯಾದರೆ ಅದರ ಘಮವೇ ಮುಂದೆ ಬಂದು ವೆನಿಲ್ಲಾ ಜೊತೆ ಸೇರಿ ಕೊಬ್ಬರಿಮಿಠಾಯಿ ಆಗುತ್ತದೆ. ಕೆಲವು ದಿನ ನಾನು ಬೇಕೆಂದೇ ಹಾಗೆ ಮಾಡುತ್ತೇನೆ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಯಾವ ಅಂಗಡಿಯಲ್ಲೂ ಹೇಳುವುದಿಲ್ಲ. ವೆನಿಲಿನ್ ಗಾಳಿಗೆ, ಬೆಳಕಿಗೆ ಕಂದಾಗುತ್ತದೆ. ತಿಳಿಹಳದಿ ಇದ್ದ ಸೆಂಟು ಒಂದೆರಡು ವರ್ಷದಲ್ಲಿ ಚಹಾದ ಬಣ್ಣಕ್ಕೆ ತಿರುಗಿದರೆ ಕೆಟ್ಟಿದೆ ಅಂತ ಚೆಲ್ಲಬೇಡಿ, ಮೂಸಿ ನೋಡಿ, ಎಷ್ಟೋ ಸಲ ಮೊದಲಿಗಿಂತ ಹದವಾಗಿರುತ್ತದೆ. ಆದರೆ ಅದೇ ಕಂದು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಚಿಕ್ಕಪ್ಪನ ಮಗಳ ಮದುವೆಗೆ ಉಟ್ಟ ಕೆನೆಬಣ್ಣದ ರೇಷ್ಮೆ ಸೀರೆಯ ಸೆರಗಿಗೆ ನಾನು ಧಾರಾಳವಾಗಿ ಸಿಂಪಡಿಸಿಕೊಂಡಿದ್ದೆ. ಅವತ್ತು ಏನೂ ಕಾಣಲಿಲ್ಲ. ಆರು ತಿಂಗಳು ಬಿಟ್ಟು ಬೀರು ತೆಗೆದರೆ ಸೆರಗಿನ ತುಂಬಾ ಅಡಿಕೆ ಚೊಗರಿನ ಹನಿ ಬಿದ್ದ ಹಾಗೆ ಕಲೆ. ಡ್ರೈಕ್ಲೀನಿಂಗಿನವರು ಎರಡು ಸಲ ಪ್ರಯತ್ನಪಟ್ಟು ಕೈಚೆಲ್ಲಿದರು. ಈಗ ಕಿವಿಯ ಹಿಂದೆ, ಮೊಣಕೈ ಮಡಿಕೆಗೆ ಹಚ್ಚಿ, ಚೆನ್ನಾಗಿ ಆರಿದ ಮೇಲೆಯೇ ಸೀರೆಗೆ ಕೈ ಹಾಕುತ್ತೇನೆ.

ಸೀರೆಗೇ ವೆನಿಲ್ಲಾ ಪರಿಮಳ ಬೇಕೆಂದರೆ ಆಯಿ ಮಾಡುವ ಉಪಾಯವೇ ಸರಿ. ತೋಟದ ಕೊನೆಯ ಫಸಲಿನ ಏಳೆಂಟು ಕಾಯಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಸೀರೆಗಳ ನಡುವೆ ನಿಲ್ಲಿಸಿಟ್ಟಿದ್ದಾರೆ. ಹೋದ ಸಲ ತೆಗೆದು ನೋಡಿದರೆ ಕಪ್ಪು ಕಾಯಿಗಳ ಮೈಮೇಲೆ ಸೂಜಿಯಂಥ ಬಿಳಿ ಹರಳು ಎದ್ದಿತ್ತು. ಬೂಸ್ಟು ಬಂದಿದೆ, ಬಿಸಾಡ್ತೆ ಅಂತ ಆಯಿ ಹೊರಟಿದ್ದರು. ವೆನಿಲಿನ್ನೇ ಹರಳಾಗಿ ಹೊರಗೆ ಬಂದದ್ದು ಅದು. ಒಂದು ಕಾಯಿ ಇಸಕೊಂಡು ಬಂದು ನನ್ನ ಬೀರಿನಲ್ಲಿ ಇಟ್ಟುಕೊಂಡಿದ್ದೇನೆ, ಕಲೆಯಾದ ಆ ಕೆನೆಬಣ್ಣದ ಸೀರೆಯ ಪಕ್ಕದಲ್ಲೇ.